ಟವರ್ ಇಲ್ಲದ ಹೊತ್ತಿಗೆ ಅಡ್‌ಹಾಕ್ ಜಾಲ: ಬ್ಯಾಟರಿಯೂ ಉಳಿಯಬೇಕು, ಮಾತೂ ಭದ್ರವಿರಬೇಕು

ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಅಂದರೆ ಜವಳಿ ವ್ಯಾಪಾರದವರಿಗೆ ಮೊದಲು ನೆನಪಾಗುವುದು ಸೀರೆ. ಈ ಸೀಮೆಗೆ ಇನ್ನೊಂದು ಗುರುತು ನದಿ. ರಾಯಚೂರಿಗೆ ತಾಗಿದ ಈ ಗಡಿಯಲ್ಲೇ ಭೀಮಾ ಕೃಷ್ಣೆಯನ್ನು ಸೇರುತ್ತದೆ, ಅದರ ಕೆಳಗೆ ಜುರಾಲ ಜಲಾಶಯವಿದೆ. ಕೃಷ್ಣಾ, ತುಂಗಭದ್ರಾ ನಡುವಿನ ಗದ್ವಾಲ್ ಭಾಗವನ್ನು ಜನ ನಡಿಗಡ್ಡ ಎಂದೇ ಕರೆಯುತ್ತಾರೆ. 2009ರ ಅಕ್ಟೋಬರ್ ನೆರೆಯಲ್ಲಿ ರಾಯಚೂರು, ಆಲಂಪುರ, ಕರ್ನೂಲು ಕಡೆ ಆದ ಹಾನಿ ಇನ್ನೂ ಹಲವರ ನೆನಪಲ್ಲಿದೆ. ಇಂಥ ಹೊತ್ತಲ್ಲಿ ಕರೆಂಟ್ ಹೋಗಿ ಟವರ್ ನಿಂತರೆ, ಮೊಬೈಲ್ ಕೈಯಲ್ಲಿದ್ದೂ ಪ್ರಯೋಜನವಿಲ್ಲ. ಅಲ್ಲಿ ಉಪಯೋಗಕ್ಕೆ ಬರುವುದೇ ಅಡ್‌ಹಾಕ್ ವೈರ್‌ಲೆಸ್ ಜಾಲ.

ಏನಿದು?

ಇದರಲ್ಲಿ ಟವರ್ ಇಲ್ಲ, ಯಜಮಾನನೂ ಇಲ್ಲ. ಒಂದು ಸಾಧನ ಪಕ್ಕದ ಸಾಧನಕ್ಕೆ, ಅದು ಮುಂದಿನದಕ್ಕೆ ಸಂದೇಶ ದಾಟಿಸುತ್ತದೆ. ದಾರಿ ಹುಡುಕಲು ಎರಡು ಪ್ರಸಿದ್ಧ ಪದ್ಧತಿಗಳಿವೆ, ಎರಡೂ 2003ರಲ್ಲಿ ಪ್ರಕಟವಾದವು. ಎಒಡಿವಿ ಅಗತ್ಯ ಬಿದ್ದಾಗ ಮಾತ್ರ ದಾರಿ ಹುಡುಕುತ್ತದೆ. ಒಎಲ್‌ಎಸ್‌ಆರ್ ಎಲ್ಲ ದಾರಿಗಳ ಪಟ್ಟಿಯನ್ನು ಯಾವಾಗಲೂ ಸಿದ್ಧವಾಗಿ ಇಟ್ಟುಕೊಳ್ಳುತ್ತದೆ. ಸಂದೇಶ ಕಡಿಮೆ ಇರುವ ಕಡೆ ಮೊದಲನೆಯದರಲ್ಲಿ ಬ್ಯಾಟರಿ ಉಳಿಯುತ್ತದೆ.

ಬ್ಯಾಟರಿ ಲೆಕ್ಕ

ಬ್ಯಾಟರಿ ಖಾಲಿಯಾಗುವುದು ಮಾತಾಡುವಾಗ ಅಂತ ನಾವು ಅಂದ್ಕೊಳ್ತೇವೆ. ನಿಜ ನೋಡಿದರೆ, ಯಾರಾದರೂ ಕರೀತಾರಾ ಅಂತ ಸುಮ್ಮನೆ ಕಿವಿಗೊಟ್ಟು ಕೂರುವುದರಲ್ಲೇ ಹೆಚ್ಚು ಖರ್ಚು. ಒಂದು ಚಿಕ್ಕ ಸಾಧನ ಎಚ್ಚರವಿದ್ದಾಗ 20 ಮಿಲಿಆಂಪ್ ಎಳೆಯುತ್ತದೆ, ಸೆಲ್ 2,400 ಮಿಲಿಆಂಪ್ ಅವರ್‌ನದು ಎಂದಿಟ್ಟುಕೊಳ್ಳಿ. ಬಿಡದೆ ಎಚ್ಚರವಿದ್ದರೆ 120 ಗಂಟೆ, ಅಂದ್ರೆ 5 ದಿನ. ನೂರರಲ್ಲಿ ಒಂದು ಪಾಲು ಸಮಯ ಮಾತ್ರ ಎದ್ದು ಉಳಿದದ್ದು ಮಲಗಿದರೆ, ಕಾಗದದ ಲೆಕ್ಕದಲ್ಲಿ ವರ್ಷ ದಾಟುತ್ತದೆ. ಬಂಡವಾಳ ಅದೇ, ಖರ್ಚಿನ ರೀತಿ ಬೇರೆ.

ಎರಡನೆಯದು ದೂರ. ಬಯಲಲ್ಲಿ ದೂರ ಎರಡು ಪಟ್ಟಾದರೆ ಕನಿಷ್ಠ ನಾಲ್ಕು ಪಟ್ಟು ಶಕ್ತಿ ಬೇಕು. ಹಾಗಾಗಿ ನಡುವೆ ಒಬ್ಬ ದಾಟಿಸುವವನಿದ್ದರೆ ಲಾಭ. ಆದರೆ ಅವನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ತೀರಾ ಹತ್ತಿರ ಹತ್ತಿರ ಇಟ್ಟರೆ ಉಳಿತಾಯ ಅಲ್ಲಿಗೇ ಹೋಯ್ತು.

ಮೂರನೆಯದು ಹಂಚಿಕೆ. ಯಾವಾಗಲೂ ಹತ್ತಿರದ ದಾರಿಯನ್ನೇ ಹಿಡಿದರೆ ನಡುವಿನ ಒಂದೇ ಸಾಧನದ ಮೇಲೆ ಎಲ್ಲ ಭಾರ. ಒಬ್ಬನೇ ಹಮಾಲಿಯ ಬೆನ್ನಿಗೆ ಎಲ್ಲ ಮೂಟೆ ಹೊರಿಸಿದ ಹಾಗೆ. ಅದು ಸತ್ತರೆ ಜಾಲವೇ ಎರಡು ತುಂಡು.

ಕರ್ನಾಟಕದಲ್ಲೂ ಇಂಥ ಪ್ರಯೋಗ ಆಗಿದೆ. 2000ದ ದಶಕದಲ್ಲಿ ಬೆಂಗಳೂರಿನ ಐಐಎಸ್‌ಸಿ ಮತ್ತು ಸ್ವಿಟ್ಜರ್ಲೆಂಡಿನ ಇಪಿಎಫ್‌ಎಲ್ ಸೇರಿ ಪಾವಗಡ ತಾಲೂಕಿನ ಚೆನ್ನಕೇಶವಪುರದಲ್ಲಿ, ಮಳೆ ನಂಬಿದ ಸಣ್ಣ ರೈತರಿಗಾಗಿ ಮಣ್ಣಿನ ತೇವ ಅಳೆಯುವ ವೈರ್‌ಲೆಸ್ ಜಾಲ ಹಾಕಿದ್ದವು. ಮಕ್ತಲ್ ಸೀಮೆಯ ಒಣಭೂಮಿಗೂ ಹೊಂದುವ ಕೆಲಸವಿದು.

ಕಳ್ಳರು ಎಲ್ಲಿ ನುಗ್ಗುತ್ತಾರೆ?

ಗಾಳಿಯಲ್ಲಿ ಹೋಗುವ ಮಾತನ್ನು ಯಾರೂ ಕೇಳಬಹುದು. ಅದಕ್ಕಿಂತ ಅಪಾಯದ್ದು ‘ಕಪ್ಪು ರಂಧ್ರ’ ದಾಳಿ. “ನನ್ನ ಮೂಲಕ ಹೋದರೆ ಹತ್ತಿರ” ಎಂದು ಒಂದು ಸಾಧನ ಸುಳ್ಳು ಹೇಳಿ, ಬಂದ ಸಂದೇಶವನ್ನೆಲ್ಲ ನುಂಗಿಬಿಡುತ್ತದೆ. ಇನ್ನೊಂದು, ಸಾಧನವನ್ನು ಮಲಗಲು ಬಿಡದೆ ಎಬ್ಬಿಸುತ್ತಲೇ ಇದ್ದು ಬ್ಯಾಟರಿ ಮುಗಿಸುವುದು. ಇದಕ್ಕೆ ಕೇಂಬ್ರಿಡ್ಜ್‌ನ ಸ್ಟಜಾನೊ ಮತ್ತು ರಾಸ್ ಆಂಡರ್ಸನ್ 1999ರಲ್ಲೇ ‘ನಿದ್ದೆಗೆಡಿಸುವ ಹಿಂಸೆ’ ಎಂದು ಹೆಸರಿಟ್ಟರು. ಅಂದ್ರೆ ಇಲ್ಲಿ ಬ್ಯಾಟರಿಯೂ ಭದ್ರತೆಯ ವಿಷಯವೇ.

ಬೀಗ ಹಾಕಿದರೆ ಬ್ಯಾಟರಿ ಬೇಗ ಮುಗಿಯುತ್ತದೆ ಎಂಬ ಹೆದರಿಕೆ ಬೇಡ. ಬರ್ಕ್‌ಲಿ ವಿಶ್ವವಿದ್ಯಾಲಯದವರು 2004ರಲ್ಲಿ ತೋರಿಸಿದ ಟೈನಿಸೆಕ್ ಪದ್ಧತಿಯಲ್ಲಿ ಹೆಚ್ಚುವರಿ ಶಕ್ತಿ ಶೇ. 10ರೊಳಗೇ ಇತ್ತು. ಭಾರವಾದ ಸಾರ್ವಜನಿಕ ಕೀಲಿ ವಿಧಾನವನ್ನು ಒಮ್ಮೆ ಕೀಲಿ ಹಂಚಲು ಮಾತ್ರ ಬಳಸಿ, ದಿನನಿತ್ಯಕ್ಕೆ ಹಗುರವಾದ ಎಇಎಸ್ ಬಳಸುವುದು ಜಾಣತನ. ಆದರೆ ಕೀಲಿ ಇರುವ ಒಳಗಿನವನೇ ಮೋಸ ಮಾಡಿದರೆ ಬೀಗದಿಂದ ಪ್ರಯೋಜನವಿಲ್ಲ. ಸಂದೇಶ ಮುಂದೆ ಹೋಯಿತೇ ಎಂದು ಪಕ್ಕದ ಸಾಧನ ಗಮನಿಸಬೇಕು. ಅದಕ್ಕೂ ಬ್ಯಾಟರಿ ಖರ್ಚಾಗುವುದರಿಂದ ಆಗಾಗ ಮಾತ್ರ ಪರೀಕ್ಷಿಸಿದರೆ ಸಾಕು.

ನಾವು ಮಾಡಬಹುದಾದ್ದು

ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್ ತರಂಗವನ್ನು ನಿಗದಿತ ಶಕ್ತಿಯ ಮಿತಿಯೊಳಗೆ ಲೈಸೆನ್ಸ್ ಇಲ್ಲದೆ ಬಳಸಬಹುದು. ಮೆಶ್ಟಾಸ್ಟಿಕ್ ತಂತ್ರಾಂಶವಿರುವ ಚಿಕ್ಕ ಲೋರಾ ಸಾಧನಗಳು ಇದರಲ್ಲಿ ಕೆಲಸ ಮಾಡುತ್ತವೆ. ಇಷ್ಟು ಗಮನಿಸಿ:

• ಸಾಧನದಲ್ಲಿ ಭಾರತದ ತರಂಗವನ್ನೇ ಆರಿಸಿ.
• ಮೊದಲೇ ಬರುವ ಕೀಲಿ ಎಲ್ಲರಿಗೂ ಗೊತ್ತಿರುವಂಥದ್ದು. ತಕ್ಷಣ ಬದಲಿಸಿ, ಹೊಸದನ್ನು ಮುಖಾಮುಖಿಯಾಗಿ ಹಂಚಿ.
• ಸಾಧನ ಕಳೆದುಹೋದರೆ ಎಲ್ಲರ ಕೀಲಿ ಬದಲಿಸಿ.
• ಹೆಚ್ಚು ಸಂದೇಶ ದಾಟಿಸುವ ಸಾಧನ ಎತ್ತರದಲ್ಲಿ, ಸೋಲಾರ್ ಜೊತೆ ಇರಲಿ.
• ಸ್ಥಳ ತಿಳಿಸುವ ಸಂದೇಶ ಪದೇಪದೇ ಹೋಗದಂತೆ ಅಂತರ ಹೆಚ್ಚಿಸಿ.

ನದಿ ದಂಡೆಯ ಊರುಗಳ ಯುವಕರು ಬೇಸಿಗೆಯಲ್ಲೇ ಇದನ್ನು ಕಟ್ಟಿ ಪರೀಕ್ಷಿಸಿದರೆ ಒಳ್ಳೆಯದು. ಮಳೆಗಾಲದಲ್ಲಿ ನೀರು ಏರತೊಡಗಿದ ಮೇಲೆ ಕಲಿಯಲು ಸಮಯ ಸಿಗುವುದಿಲ್ಲ.