ಹರಿಹರದ ಹರಿಗೋಲು

ದಾವಣಗೆರೆಯಿಂದ ಧಾರವಾಡದತ್ತ ಸಾಗುವ ಮಾರ್ಗಕ್ಕೆ ಹರಿಹರದಲ್ಲಿ ತುಂಗಭದ್ರೆಯು ಅಡ್ಡಲಾಗಿ ಹರಿಯುವುದರಿಂದ, 1868ರಲ್ಲಿ 14 ಕಮಾನುಗಳ ಸೇತುವೆಯು ಪೂರ್ಣಗೊಳ್ಳುವವರೆಗೂ, ಮಳೆಗಾಲದ ಪ್ರವಾಹದಲ್ಲಿ ವರ್ತಕನೂ ಹರಿಹರೇಶ್ವರನ ದರ್ಶನಾಕಾಂಕ್ಷಿಯಾದ ಯಾತ್ರಿಕನೂ ಅಂಬಿಗನನ್ನೇ ಆಶ್ರಯಿಸಬೇಕಾಗಿತ್ತು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಇದೇ ನದಿಯ ಕೆಳಹರಿವಿನಲ್ಲಿ, ಬುಟ್ಟಿಯಂತೆ ದುಂಡಗಿದ್ದು, ಒಳಗೆ ಬೆತ್ತದ ಹೆಣಿಗೆಯನ್ನೂ ಹೊರಗೆ ಚರ್ಮದ ಹೊದಿಕೆಯನ್ನೂ ಪಡೆದು, 15–20 ಜನರನ್ನು ಹೊತ್ತು, ನೇರವಾಗಿ ಚಲಿಸಲಾರದೆ ಸದಾ ಸುತ್ತುತ್ತಲೇ ಸಾಗುವ ದೋಣಿಗಳನ್ನು, ಎಂದರೆ ಹರಿಗೋಲುಗಳನ್ನು, ವರ್ಣಿಸಿದ್ದಾನೆ. ದೇವಾಲಯದ ಶಿಲ್ಪಿಗೆ ಸಲ್ಲುವ ಗೌರವದಲ್ಲಿ ಒಂದು ಪಾಲು ಹರಿಗೋಲನ್ನು ಹೆಣೆಯುವ ಬಿದಿರಿನ ಶಿಲ್ಪಿಗೂ ಸಲ್ಲತಕ್ಕದ್ದೆಂದು ನಾನು ದೃಢವಾಗಿ ನಂಬುತ್ತೇನೆ.

ಬಳಸಿದ ಹರಿಗೋಲನ್ನು ಕೊಳ್ಳುವವನಿಗೆ ಪರೀಕ್ಷೆಯು ಸುಲಭವಲ್ಲ. ಹೊದಿಕೆಯು ಒಣಗಿ ಬಿರಿದಿದೆಯೆ, ಹೊಲಿಗೆಯ ಸಂದುಗಳಲ್ಲಿ ನೀರು ಜಿನುಗುವುದೆ, ತಳದ ಬಿದಿರಿನ ಸೀಳುಗಳಿಗೆ ಹುಳು ಹಿಡಿದಿದೆಯೆ ಎಂಬುದನ್ನೆಲ್ಲ, ಅದನ್ನು ಬೋರಲು ಹಾಕಿ, ಕಣ್ಣಿನಿಂದಲೂ ಬೆರಳಿನಿಂದಲೂ ಶೋಧಿಸಿದ ಬಳಿಕವೇ ಬೆಲೆಯ ಮಾತು ಯುಕ್ತವಾಗುವುದು. ಹೊದಿಕೆಯನ್ನು ಬದಲಿಸಬಹುದು, ಹಂದರವೇ ಶಿಥಿಲವಾಗಿದ್ದರೆ ಹೊಸದನ್ನು ಹೆಣೆಸುವುದೇ ಲೇಸು. ಚರ್ಮದ ಸ್ಥಾನಕ್ಕೆ ಪ್ಲಾಸ್ಟಿಕ್ ಹಾಳೆಯೂ ಡಾಂಬರಿನ ಲೇಪವೂ ಬಂದಿರುವ ಈ ಕಾಲದಲ್ಲಿ, ದಪ್ಪನಾದ ಲೇಪವು ಬಿದಿರಿನ ದೋಷವನ್ನು ಮರೆಮಾಡಬಲ್ಲದಾದುದರಿಂದ, ಒಳಮೈಯ ಹೆಣಿಗೆಯನ್ನು ನೋಡುವುದು ಮತ್ತಷ್ಟು ಅವಶ್ಯಕವಾಗಿದೆ.