ಲಾರಿ ಕ್ಯಾಬಿನ್‌ನಾಗ ಗ್ಯಾಸ್ ಒಲೆ: ಚಾಲಕರು, ಟಿಫಿನ್ ಗಾಡಿಯವರು ತಿಳ್ಕೋಬೇಕಾದ್ದು

ಸೇಡಂ: ವಾಡಿಯ ಎಸಿಸಿ, ಸೇಡಂನ ವಾಸವದತ್ತಾ, ಮಳಖೇಡದ ರಾಜಶ್ರೀ ಸಿಮೆಂಟ್ ಕಾರ್ಖಾನೆಗಳಿಗೆ ಲೋಡಿಗೆ ಬರುವ ಲಾರಿಯವರು ಪಾಳಿ ಬರೋತನಕ ಗಾಡಿ ಹತ್ರಾನೇ ಅಡುಗೆ ಮಾಡ್ಕೋತಾರೆ. ಶಹಾಬಾದ್, ಚಿತ್ತಾಪುರ, ಚಿಂಚೋಳಿ ಕಡೆ ಟಂಟಂನಲ್ಲೇ ಒಲೆ ಕೂರಿಸಿ ಮಿರ್ಚಿ ಭಜಿ, ಸುಸಲಾ ಮಾರುವವರೂ ಉಂಟು. ಹೋಟೆಲ್ ಊಟದ ದರ ನೋಡಿದ್ರ ಯಾರನ್ನೂ ದೂರುವಂಗಿಲ್ಲ. ಆದರೆ ಮನೆಯ ಅಡುಗೆಮನೆ ಬೇರೆ, ಗಾಡಿ ಬೇರೆ.

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ಸೀಟಿನ ಅಡಿ ಕೂಡುತ್ತದೆ. ಹಾಗಾಗಿ ಕಿಟಕಿ ಗಾಜು ಇಳಿಸಿದರೆ ಸಾಕು ಅನ್ನೋದು ತಪ್ಪು ತಿಳಿವಳಿಕೆ, ಬಾಗಿಲೇ ತೆರೆದಿರಬೇಕು. ಗಾಳಿಯಲ್ಲಿ ಶೇ 2ರಷ್ಟು ಗ್ಯಾಸ್ ಬೆರೆತರೂ ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ವಾಸನೆ ಬಂದಾಗ ಲೈಟರ್ ಅಷ್ಟೇ ಅಲ್ಲ, ಫ್ಯಾನ್ ಸ್ವಿಚ್, ಗಾಡಿ ಸೆಲ್ಫ್ ಕೂಡ ಮುಟ್ಟಬಾರದು. ಸಾಧ್ಯವಾದಷ್ಟು ಒಲೆ ಕೆಳಗಿಳಿಸಿ, ಬಯಲಲ್ಲೇ ಹಚ್ಚಬೇಕು.

2023ರ ಆಗಸ್ಟ್ 26ರ ನಸುಕಿನಲ್ಲಿ ಮದುರೈನಲ್ಲಿ ನಿಂತಿದ್ದ ಪ್ರವಾಸಿ ರೈಲು ಬೋಗಿಗೆ ಬೆಂಕಿ ಹತ್ತಿ 9 ಜನ ತೀರಿಕೊಂಡರು. ಲಖನೌದಿಂದ ಯಾತ್ರೆಗೆ ಬಂದವರು, ಕದ್ದು ಒಳಗೆ ತಂದಿದ್ದ ಸಿಲಿಂಡರ್. ಓಡುವ ಗಾಡಿಯೂ ಅಲ್ಲ, ನಿಂತದ್ದು. ವಾಡಿ ಜಂಕ್ಷನ್‌ನಲ್ಲಿ ರೈಲು ಹತ್ತುವವರೂ ನೆನಪಿಡಲಿ: ರೈಲಿನಲ್ಲಿ ಸಿಲಿಂಡರ್ ಒಯ್ದರೆ 3 ವರ್ಷದವರೆಗೆ ಜೈಲು ಆಗಬಹುದು.

ದೊಡ್ಡ ಸಿಲಿಂಡರ್‌ನಿಂದ ಸಣ್ಣದಕ್ಕೆ ಗ್ಯಾಸ್ ತುಂಬಿಸಿಕೊಡುವ ಅಂಗಡಿಗೆ ಹೋಗಲೇಬೇಡಿ. ಅದು ಕಾನೂನುಬಾಹಿರ, ಆ ಸಿಲಿಂಡರ್‌ಗೆ ತಪಾಸಣೆಯೂ ಇರಲ್ಲ. ಗ್ಯಾಸ್ ಏಜೆನ್ಸಿಯಲ್ಲಿ ಗುರುತಿನ ಚೀಟಿ ತೋರಿಸಿದರೆ ಕಂಪನಿಯ 5 ಕೆಜಿ ಸಿಲಿಂಡರ್ ಸಿಗುತ್ತದೆ. ವ್ಯಾಪಾರಕ್ಕೆ ಮನೆಯ 14.2 ಕೆಜಿ ಸಿಲಿಂಡರ್ ಬಳಸುವಂತಿಲ್ಲ. ಸಿಲಿಂಡರ್ ಕತ್ತಿನ ಪಟ್ಟಿಯ ಮೇಲೆ ಎ-27 ಅಂತಿದ್ದರೆ 2027ರ ಮಾರ್ಚ್‌ವರೆಗೆ ಅಂತ ಅರ್ಥ. ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಅವಧಿ ಮುಗಿದದ್ದನ್ನು ತಗೋಬಾರದು.

ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಲ್ಲಿಸಿ ಬೆಲ್ಟಿನಿಂದ ಕಟ್ಟಬೇಕು. ಗಾಡಿ ಹೊರಡೋ ಮುಂಚೆ ರೆಗ್ಯುಲೇಟರ್ ತೆಗೆದು ಮುಚ್ಚಳ ಹಾಕಿ. ಐಎಸ್‌ಐ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು ಅಂತಾರೆ, ನಮ್ಮ ರಸ್ತೆಗಳ ಕುಲುಕಾಟಕ್ಕೆ ಅಷ್ಟು ದಿನ ಕಾಯೋದು ಬ್ಯಾಡ. ಸೋರಿಕೆ ನೋಡೋಕೆ ಸಾಬೂನು ನೀರು ಸವರಿ, ಗುಳ್ಳೆ ಎದ್ದರೆ ಸೋರ್ತಿದೆ. ಕಡ್ಡಿ ಗೀರಿ ನೋಡಬಾರದು.

ಭಜಿ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ, ಉರಿ ಮುಖಕ್ಕೇ ಚಿಮ್ಮುತ್ತದೆ. ಗ್ಯಾಸ್ ಬಂದ್ ಮಾಡಿ ಅಗಲ ಮುಚ್ಚಳ ಮುಚ್ಚಿ. ಎಬಿಸಿ ಪೌಡರ್‌ನ ಬೆಂಕಿ ನಂದಿಸುವ ಸಿಲಿಂಡರ್ ಇಟ್ಟವರು ಅದನ್ನು ಒಲೆ ಹಿಂದೆ ಅಲ್ಲ, ಬಾಗಿಲ ಹತ್ರ ಇಡಬೇಕು, ಮುಳ್ಳು ಹಸಿರಿನಲ್ಲಿರಬೇಕು. ಸಿಲಿಂಡರ್‌ಗೇ ಉರಿ ತಾಗಿದರೆ ಸಾಮಾನು ಬಿಟ್ಟು ದೂರ ಓಡಿ. ಅಗ್ನಿಶಾಮಕಕ್ಕೆ 101 ಅಥವಾ 112, ಗ್ಯಾಸ್ ಸೋರಿಕೆಗೆ 1906.