ಬಂದೂಕಿನ ನಂಬರು, ಠಾಣೆಯ ದಫ್ತರ

ಚುನಾವಣೆ ಬಂದಾಗ ಪರವಾನಗಿದಾರರು ಬಂದೂಕುಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವುದನ್ನು ನೀವು ನೋಡಿರಬಹುದು. ಒಡೆಯನ ಹೆಸರಿನಷ್ಟೇ ಮುಖ್ಯವಾದುದು ಬಂದೂಕಿನ ಮೇಲೆ ಒತ್ತಿರುವ ಕ್ರಮಸಂಖ್ಯೆ. ಅದು ಕಳೆದ ಬಂದೂಕನ್ನು ಹುಡುಕಿಕೊಡಬಲ್ಲುದೆ?

ಆಯುಧಗಳ ಲೆಕ್ಕ ಮೊದಲು ಬೆಳೆದುದು ಜನರನ್ನು ನಿರಾಯುಧಗೊಳಿಸಲು. 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿದ ಹಲಗಲಿಯ ಬೇಡರ ಊರಿಗೆ ಬ್ರಿಟಿಷ್ ಸೈನ್ಯ ಬೆಂಕಿಯಿಟ್ಟಿತು. 1878ರ ಆಯುಧ ಕಾಯಿದೆ ಪರವಾನಗಿ ಪದ್ಧತಿಯನ್ನು ಬಿಗಿಗೊಳಿಸಿತು. ಆಗ ಹಾನಗಲ್ಲ, ಶಿಗ್ಗಾಂವ, ಹಿರೇಕೆರೂರುಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ನೆರೆಯ ಸವಣೂರು ನವಾಬರ ಸಂಸ್ಥಾನ. ಶಿಗ್ಗಾಂವದಲ್ಲಿ ಕಳವಾದ ಬಂದೂಕು ಕೆಲವೇ ಮೈಲಿ ಸಾಗಿದರೆ ಬೇರೊಂದು ಆಡಳಿತದ ಗಡಿಯೊಳಗೆ ಇರುತ್ತಿತ್ತು. ಇಂದು ನಾಲ್ಕೂ ತಾಲ್ಲೂಕುಗಳು 1997ರಲ್ಲಿ ರಚನೆಯಾದ ಹಾವೇರಿ ಜಿಲ್ಲೆಯಲ್ಲಿವೆ.

ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆಯ 8ನೆಯ ಕಲಮು ಕ್ರಮಸಂಖ್ಯೆಯನ್ನು ಅಳಿಸುವುದನ್ನು ನಿಷೇಧಿಸುತ್ತದೆ. ಬಂದೂಕು ಕಳೆದರೆ ಪರವಾನಗಿದಾರ ಕೂಡಲೇ ಹತ್ತಿರದ ಠಾಣೆಗೆ ತಿಳಿಸಬೇಕು.

ಕಳ್ಳ ಅರದಿಂದ ಸಂಖ್ಯೆಯನ್ನು ಉಜ್ಜಿಹಾಕಿದರೆ? ಇಲ್ಲಿ ಭೌತವಿಜ್ಞಾನ ನೆರವಿಗೆ ಬರುತ್ತದೆ. ಅಚ್ಚನ್ನು ಬಲವಾಗಿ ಒತ್ತಿದಾಗ ಗುಳಿಯ ಕೆಳಗಿನ ಉಕ್ಕಿನ ಹರಳು ರಚನೆಯೂ ವಿರೂಪಗೊಂಡಿರುತ್ತದೆ. ಉಜ್ಜಿದಾಗ ಗುಳಿ ಮಾಯವಾದರೂ ಈ ವಿರೂಪ ಉಳಿಯಬಹುದು. ಆ ಜಾಗವನ್ನು ನುಣುಪುಗೊಳಿಸಿ ಕ್ಯೂಪ್ರಿಕ್ ಕ್ಲೋರೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ದ್ರಾವಣ ಸವರಿದರೆ ವಿರೂಪಗೊಂಡ ಭಾಗ ಬೇರೆ ವೇಗದಲ್ಲಿ ಸವೆಯುತ್ತದೆ. ಸಂಖ್ಯೆ ಮಸುಕಾಗಿ ಮೂಡುತ್ತದೆ. ತೀರ ಆಳಕ್ಕೆ ಉಜ್ಜಿದ್ದರೆ ಮೂಡದು.

ನಾಡಪಿಸ್ತೂಲಿಗೆ ಕಾರ್ಖಾನೆಯ ನಂಬರೇ ಇಲ್ಲ. ಅಲ್ಲಿ ಗುಂಡು ಮತ್ತು ಕಾಟ್ರಿಜ್ ಮೇಲೆ ಬಿದ್ದ ಗೀರುಗಳೇ ಗುರುತು. 2015ರಲ್ಲಿ ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿ, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತ್ಯೆಯಾದಾಗ ಎರಡರಲ್ಲೂ ಒಂದೇ 7.65 ಮಿ.ಮೀ. ಪಿಸ್ತೂಲು ಬಳಕೆಯಾಗಿದೆಯೆಂದು ವಿಧಿವಿಜ್ಞಾನ ಪ್ರಯೋಗಾಲಯ ವರದಿ ನೀಡಿತು. ಧಾರವಾಡದ ಸಾಕ್ಷ್ಯವನ್ನು ಎರಡು ವರ್ಷ ಜೋಪಾನವಾಗಿ ಇಟ್ಟಿರದಿದ್ದರೆ ಈ ಹೋಲಿಕೆ ಸಾಧ್ಯವಿರಲಿಲ್ಲ.

ಹಾಗೆಯೇ, ಪ್ರಯೋಗಾಲಯ ಮೂಡಿಸಿದ ಸಂಖ್ಯೆಗೆ ಬೆಲೆ ಬರುವುದು ಅದೇ ಸಂಖ್ಯೆ ಯಾವುದೋ ಠಾಣೆಯ ದಫ್ತರದಲ್ಲಿ ಸರಿಯಾಗಿ ದಾಖಲಾಗಿದ್ದರೆ ಮಾತ್ರ. 3ನ್ನು 8 ಎಂದು ಬರೆದರೆ ಸಿಕ್ಕ ಬಂದೂಕೂ ಒಡೆಯನಿಲ್ಲದೆ ಉಳಿಯುತ್ತದೆ. ಆದ್ದರಿಂದ ತಯಾರಕರು, ಮಾದರಿ, ನಳಿಗೆಯ ಅಳತೆಗಳನ್ನೂ ಜೊತೆಗೆ ಬರೆದಿಡಬೇಕು. 1986ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ, 2009ರಲ್ಲಿ ಮಂಜೂರಾದ ಠಾಣೆಗಳ ಗಣಕಜಾಲ, ಇವು ಊರೂರಿನ ದಾಖಲೆಗಳನ್ನು ಬೆಸೆದಿವೆ. ಗಣಕ ಹುಡುಕುವುದು ಮಾತ್ರ ಠಾಣೆಯಲ್ಲಿ ಬರೆದದ್ದನ್ನೇ. ನಿಮ್ಮಲ್ಲಿ ಪರವಾನಗಿ ಬಂದೂಕಿದ್ದರೆ ಅದರ ಮೇಲಿನ ಸಂಖ್ಯೆಯನ್ನು ಪರವಾನಗಿ ಪುಸ್ತಕದೊಂದಿಗೆ ಇಂದೇ ತಾಳೆನೋಡಿ.